ಸವಳು ನೀರಿಗೆ ನಿಧಾನದ ಗಿಡ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಅಕ್ವೇರಿಯಂ ಇಟ್ಟವರಿಗೆ ಮೀನು ಸಾಕುವುದು ಅಂಥ ಕಷ್ಟವೇನಲ್ಲ. ಗಿಡ ಉಳಿಸಿಕೊಳ್ಳುವುದೇ ತಲೆನೋವು. ಅಂಗಡಿಯಲ್ಲಿ ಕಣ್ಣು ಕೋರೈಸುತ್ತಿದ್ದ ಕಬೊಂಬಾ ಸ್ವಲ್ಪ ದಿನದಲ್ಲೇ ಕೊಳೆತು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ. ಕೆಂಪು ರೊಟಾಲಾ ಬಿಳಚಿಕೊಂಡು ಬುಡದಿಂದ ಎಲೆ ಉದುರಿಸುತ್ತದೆ. ಎರಡೂ ಮೆದು ನೀರು ಬಯಸುವ ಗಿಡಗಳು; ನಮ್ಮ ಬೋರಿನ ನೀರಿಗೆ ತಂದು ಹಾಕಿದರೆ ಅವುಗಳ ತಪ್ಪೇನು? ಅದೇ ನೀರಿನಲ್ಲಿ, ಅದಕ್ಕಿಂತ ಕಡಿಮೆ ಬೆಳಕಿನಲ್ಲಿ ವರ್ಷಗಟ್ಟಲೆ ಹಸಿರಾಗಿರುವ ಗಿಡಗಳೂ ಇವೆ. ತಿಂಗಳಿಗೆ ಒಂದೋ ಎರಡೋ ಎಲೆ ಬಿಡುವ ನಿಧಾನದ ಜಾತಿಯವು. ಅವುಗಳ ವಿಷಯದಲ್ಲಿ ಮಾಡಬೇಕಾದ್ದು ಕಡಿಮೆ, ಮಾಡಬಾರದ್ದು ಹೆಚ್ಚು.

1. ಆಯ್ಕೆಯಲ್ಲೇ ಅರ್ಧ ಗೆಲ್ಲಿ

ಮೊದಲ ತೊಟ್ಟಿಗೆ ನಾಲ್ಕು ಹೆಸರು ಸಾಕು: ಅನುಬಿಯಸ್ ನಾನಾ, ಜಾವಾ ಫರ್ನ್, ಕ್ರಿಪ್ಟೊಕೊರೈನ್ ವೆಂಡ್ಟಿ, ಜಾವಾ ಮಾಸ್. ಅನುಬಿಯಸ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ತೊರೆಗಳದ್ದು. ಕ್ರಿಪ್ಟೊಕೊರೈನ್ ವೆಂಡ್ಟಿ ಶ್ರೀಲಂಕಾದ್ದು. ಈ ಎರಡೂ, ಬೋರ್ನಿಯೊದ ಬುಸೆಫಲಾಂಡ್ರಾವೂ ನಮ್ಮ ಕೆಸು, ಸುವರ್ಣಗಡ್ಡೆಗಳ ಬಳಗಕ್ಕೇ ಸೇರಿದವು. ಅನುಬಿಯಸ್‌ನ ಎಲೆ ಎಷ್ಟು ಗಟ್ಟಿಯೆಂದರೆ, ಕಂಡ ಹಸಿರನ್ನೆಲ್ಲ ಮೇಯುವ ಗೋಲ್ಡ್‌ಫಿಶ್ ಕೂಡ ಸಾಮಾನ್ಯವಾಗಿ ಅದರ ಗೊಡವೆಗೆ ಹೋಗುವುದಿಲ್ಲ.

ಬುಸೆಫಲಾಂಡ್ರಾ ಈಗಿನ ಫ್ಯಾಷನ್. ಎಲೆಯ ಮೇಲೆ ನೀಲಿ ಹೊಳಪು, ಕೈಗೆ ಭಾರವಾಗುವ ಬೆಲೆ. ಒಂದು ಬೇಸಿಗೆ ಕಳೆಯುವವರೆಗೆ ಅದನ್ನು ತಡೆಹಿಡಿಯಿರಿ.

2. ಯಾವ ನೀರು ಅಂತ ತಿಳಿದುಕೊಳ್ಳಿ

ಒಂದೇ ಊರಿನಲ್ಲಿ ಎರಡು ನೀರು ಇರುತ್ತವೆ. ಹೊಳೆಯಿಂದ ಪೈಪಿನಲ್ಲಿ ಬರುವುದು ಒಂದು, ಬೋರಿನದು ಇನ್ನೊಂದು. ಕಪ್ಪು ಕಲ್ಲಿನ ನೆಲ, ಸುಣ್ಣದಂಶದ ಎರೆಮಣ್ಣು, ಮೇಲಿಂದ ದಶಕಗಳ ಕಾಲ ಕಬ್ಬಿಗೆ ಹಾಯಿಸಿದ ನೀರು. ಇದೆಲ್ಲ ಸೇರಿ ಕೃಷ್ಣೆಯ ದಂಡೆಯ ಎಷ್ಟೋ ಹೊಲಗಳು ಸವಳು ಹಿಡಿದಿವೆ. ಆ ಉಪ್ಪಿನ ಪಾಲು ಬಾವಿ-ಬೋರುಗಳಿಗೂ ಇಳಿದಿದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆಯೇ ನೋಡಿ. ಕಟ್ಟಿದರೆ ಅದು ಗಡಸು ನೀರು.

ಗಡಸು ಅಂದ ಮಾತ್ರಕ್ಕೆ ಹೆದರಬೇಕಿಲ್ಲ. ಮೇಲೆ ಹೇಳಿದ ನಾಲ್ಕೂ ಗಿಡಗಳು ಸಾಧಾರಣ ಗಡಸನ್ನು ತಾಳಿಕೊಳ್ಳುತ್ತವೆ. ಟಿಡಿಎಸ್ ಮೀಟರ್ ಒಂದು ಕೈಯಲ್ಲಿರಲಿ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಲೀಟರಿಗೆ 500 ಮಿಲಿಗ್ರಾಂ; ಅಷ್ಟರೊಳಗಿದ್ದರೆ ನೇರವಾಗಿ ಬಳಸಿ. ಸಾವಿರದ ಹತ್ತಿರ ತೋರಿಸಿದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದ ಆರ್‌ಓ ನೀರನ್ನು ಅರ್ಧಕ್ಕರ್ಧ ಬೆರೆಸಿ. ಬರೀ ಆರ್‌ಓ ನೀರನ್ನೇ ತುಂಬಬೇಡಿ. ಅದರಲ್ಲಿ ಗಿಡಕ್ಕೂ ಮೀನಿಗೂ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದೇ ಇಲ್ಲವೆನ್ನಬಹುದು.

ನಳದ ನೀರಾದರೆ ಒಂದು ದಿನ ಬಕೆಟ್ಟಿನಲ್ಲಿ ತೆರೆದಿಡಿ. ಹೊಳೆ ಕೆಂಪಾಗಿ ಬರುವ ಮಳೆಗಾಲದಲ್ಲಿ ಬ್ಲೀಚಿಂಗ್ ಪೌಡರ್ ಜಾಸ್ತಿ ಬೀಳುತ್ತದೆ. ಆಗ ಅಕ್ವೇರಿಯಂ ಅಂಗಡಿಯ ಕ್ಲೋರಿನ್ ತೆಗೆಯುವ ದ್ರಾವಣ ಹಾಕುವುದೇ ಕ್ಷೇಮ.

3. ಕೊಂಬನ್ನು ಹೂಳಬೇಡಿ

ಅನುಬಿಯಸ್ ಸಾಯುವುದು ಹೆಚ್ಚಾಗಿ ಇದೊಂದೇ ಕಾರಣಕ್ಕೆ. ಎಲೆ ಮತ್ತು ಬೇರುಗಳ ನಡುವೆ ಅಡ್ಡಕ್ಕೆ ಬೆಳೆಯುವ ದಪ್ಪ ಹಸಿರು ಕಾಂಡವಿದೆಯಲ್ಲ, ಅದು ನೋಡಲು ರಾಯಬಾಗ, ಕುಡಚಿ ಕಡೆ ಬೆಳೆಯುವ ಅರಿಶಿನದ ಕೊಂಬಿನಂತೆಯೇ ಇರುತ್ತದೆ. ರೈತರ ಕೈಗೆ ಸಿಕ್ಕರೆ ಹೂಳಬೇಕು ಅನ್ನಿಸುವುದು ಸಹಜ. ಹೂತರೆ ಕೊಳೆಯುತ್ತದೆ. ಬೆರಳಲ್ಲಿ ಒತ್ತಿದಾಗ ಮೆತ್ತಗಾಗಿ, ಗಬ್ಬು ವಾಸನೆ ಬಂದರೆ ಆ ಭಾಗ ಹೋಯಿತು ಅಂತಲೇ ಲೆಕ್ಕ. ಗಟ್ಟಿ ಇರುವಲ್ಲಿಗೆ ಬ್ಲೇಡಿನಿಂದ ಕತ್ತರಿಸಿ ಉಳಿದದ್ದನ್ನು ಉಳಿಸಿಕೊಳ್ಳಿ. ಜಾವಾ ಫರ್ನಿಗೂ ಇದೇ ನಿಯಮ.

ಅಂದರೆ ಕಲ್ಲಿಗೋ ಕಟ್ಟಿಗೆಗೋ ಕಟ್ಟಬೇಕು. ಹತ್ತಿಯ ದಾರ ಪಾಚಿಗಿಡಕ್ಕೆ, ಅಂದರೆ ಜಾವಾ ಮಾಸ್‌ಗೆ ಸರಿ. ಅನುಬಿಯಸ್ ಕಲ್ಲು ಹಿಡಿಯಲು ತಿಂಗಳುಗಳೇ ಬೇಕು, ಅಷ್ಟರಲ್ಲಿ ಹತ್ತಿ ಕರಗಿ ಗಿಡ ತೇಲಿಬಿಡುತ್ತದೆ. ಅದಕ್ಕೆ ಗಾಳದ ನೈಲಾನ್ ದಾರ ಬಳಸಿ. ಇನ್ನೂ ಸುಲಭದ ದಾರಿ ಫೆವಿಕ್ವಿಕ್. ಕಲ್ಲನ್ನು ಬಟ್ಟೆಯಿಂದ ಒರೆಸಿ, ಒಂದೆರಡು ಹನಿ ಹಾಕಿ, ಬೇರುಗಳನ್ನು ಮಾತ್ರ ಅದಕ್ಕೆ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಕೊಂಬಿಗೆ ಅಂಟು ತಾಗದಿರಲಿ. ನೀರಿಗಿಳಿಸಿದಾಗ ಅಂಟು ಬಿಳಿಯಾಗುತ್ತದೆ, ಗಾಬರಿ ಬೇಡ. ಗಟ್ಟಿಯಾದ ಮೇಲೆ ಅದರಿಂದ ಮೀನಿಗೆ ತೊಂದರೆಯಿಲ್ಲ. ದುಬಾರಿ ಡ್ರಿಫ್ಟ್‌ವುಡ್ ಬೇಡವೆನ್ನುವವರಿಗೆ ತೆಂಗಿನ ಕರಟ ಇದೆ. ನಾರು ಕೆರೆದು, ಚೆನ್ನಾಗಿ ಕುದಿಸಿ, ಬೋರಲು ಹಾಕಿದರೆ ಮೇಲೆ ಗಿಡ, ಒಳಗೆ ಮರಿಗಳಿಗೆ ಗೂಡು.

4. ಉಸುಕು, ಕಲ್ಲು: ಹುಳಿ ಹಾಕಿ ನೋಡಿ

ಕಟ್ಟಡಕ್ಕೆ ತಂದ ಉಸುಕು ನಡೆಯುತ್ತದೆ. ನೀರು ತಿಳಿಯಾಗುವವರೆಗೆ ತೊಳೆಯುವ ತಾಳ್ಮೆ ಬೇಕು, ಅಷ್ಟೆ. ಆದರೆ ಎರೆಹೊಲದಲ್ಲಿ ಸಿಗುವ ಬೆಳ್ಳಗಿನ ಸುಣ್ಣದ ಹರಳುಗಳು ಅದರಲ್ಲಿ ಸೇರಿಕೊಂಡಿದ್ದರೆ ಮೊದಲೇ ಗಡಸಾದ ನೀರು ಮತ್ತೂ ಗಡಸಾಗುತ್ತದೆ. ಒಂದು ಹಿಡಿ ಉಸುಕಿನ ಮೇಲೆ ವಿನಿಗರ್ ಹಾಕಿ. ಬುರುಬುರು ನೊರೆ ಬಂದರೆ ಅದನ್ನು ಬಿಡಿ. ಹೊಲದ ಕರಿಕಲ್ಲು ಒಳ್ಳೆಯದೇ, ನೀರಿಗೆ ಏನನ್ನೂ ಬಿಡುವುದಿಲ್ಲ. ಆದರೆ ಅದರ ತೂತುಗಳಲ್ಲಿ ಬಿಳಿ ಹರಳು ಕೂತಿದ್ದರೆ ಅದಕ್ಕೂ ವಿನಿಗರ್ ಪರೀಕ್ಷೆ ಆಗಲಿ.

5. ದೀಪ ಆರು ತಾಸು

ಗಿಡ ಬೆಳೆಯುತ್ತಿಲ್ಲ ಅಂತ ದೀಪ ಹೆಚ್ಚಿಸುವವರು ಗಿಡದ ಬದಲು ಪಾಚಿ ಬೆಳೆಸುತ್ತಾರೆ. ಬೆಳಕು ಜಾಸ್ತಿ ಕೊಟ್ಟರೆ ಗಿಡ ಅಷ್ಟೇ ಇಂಗಾಲದ ಡೈಆಕ್ಸೈಡನ್ನೂ ಕೇಳುತ್ತದೆ. ಸಿಲಿಂಡರ್ ಇಲ್ಲದ ತೊಟ್ಟಿಯಲ್ಲಿ ಅದು ಎಲ್ಲಿಂದ ಬರಬೇಕು? ಉಳಿದ ಬೆಳಕನ್ನು ಪಾಚಿ ಉಣ್ಣುತ್ತದೆ. ಸಾಧಾರಣ ಎಲ್‌ಇಡಿ, ದಿನಕ್ಕೆ ಆರರಿಂದ ಎಂಟು ತಾಸು ಸಾಕು; ಹೊಸ ತೊಟ್ಟಿಗೆ ಆರೇ ಇರಲಿ. ಈ ಗಿಡಗಳಿಗೆ ಸಿಲಿಂಡರಿನ ಅಗತ್ಯವೇ ಇಲ್ಲ.

ಕರೆಂಟು ಹೋಗಿ ಬರುವ ಊರುಗಳಿಗೆ ಒಂದು ಸೂಕ್ಷ್ಮ ಹೇಳಬೇಕು. ಚಕ್ರ ತಿರುಗುವ ಅಗ್ಗದ ಟೈಮರ್ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ದಿನಕ್ಕೆ ಎರಡು ತಾಸು ಕರೆಂಟು ತೆಗೆದರೆ ವಾರದೊಳಗೆ ನಿಮ್ಮ ತೊಟ್ಟಿಯಲ್ಲಿ ನಡುರಾತ್ರಿ ಹಗಲಾಗಿರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಕೊಳ್ಳಿ. ದೀಪ ಆರಿದರೆ ನಿಧಾನದ ಗಿಡಕ್ಕೆ ನಷ್ಟವಿಲ್ಲ, ಗಾಳಿ ನಿಂತರೆ ಮೀನಿಗೆ ನಷ್ಟ. ಸ್ಪಾಂಜ್ ಫಿಲ್ಟರಿನ ಏರ್‌ಪಂಪ್ ತಿನ್ನುವುದು ಕೆಲವೇ ವ್ಯಾಟ್. ಮನೆಯ ಇನ್ವರ್ಟರಿಗೆ ಅದು ಭಾರವಲ್ಲ.

ತೊಟ್ಟಿ ಈಶಾನ್ಯದಲ್ಲಿರಬೇಕು ಅಂತ ವಾಸ್ತುವಿನವರು ಹೇಳಿದರೆ ಇಡಿ, ಜಗಳ ಬೇಡ. ಆದರೆ ಆ ಮೂಲೆಗೆ ಬೆಳಗಿನ ಬಿಸಿಲು ನೇರ ಬೀಳುತ್ತಿದ್ದರೆ ಕಿಟಕಿಗೆ ಪರದೆ ಹಾಕಿ.

6. ಕ್ರಿಪ್ಟ್ ಕರಗಿದರೆ ಕೈ ಕಟ್ಟಿ ಕೂಡಿ

ಹೊಸದಾಗಿ ನೆಟ್ಟ ಕ್ರಿಪ್ಟೊಕೊರೈನ್ ಒಂದೆರಡು ವಾರದಲ್ಲಿ ಎಲೆಗಳನ್ನೆಲ್ಲ ಕರಗಿಸಿಬಿಡಬಹುದು. ಎಲೆ ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ಲೋಳೆಯಾಗಿ ಕೈಗೆ ಬರುತ್ತದೆ. ಜಾಗ ಬದಲು, ನೀರು ಬದಲು, ಬೆಳಕು ಬದಲು, ಏನಾದರೂ ಆದರೆ ಅದು ಹೀಗೆ ಮುನಿಸಿಕೊಳ್ಳುವ ಗಿಡ. ಸತ್ತಿತು ಅಂತ ಕಿತ್ತೆಸೆಯುವವರೇ ಹೆಚ್ಚು. ಬುಡ ಜೀವಂತವಾಗಿರುತ್ತದೆ. ಕೊಳೆತ ಎಲೆಯನ್ನಷ್ಟೇ ತೆಗೆದು, ನೀರು ಬದಲಿಸುವುದನ್ನು ತಪ್ಪಿಸದೆ, ಬೇರನ್ನು ಅಲುಗಾಡಿಸದೆ ಬಿಡಿ. ಕೆಲವು ವಾರಗಳಲ್ಲಿ ಸೂಜಿಯಂಥ ಹೊಸ ಚಿಗುರು ಉಸುಕಿನಿಂದ ಮೇಲೇಳುತ್ತದೆ. ಈ ಚಿಗುರು ನಿಮ್ಮ ನೀರಿಗೇ ಹೊಂದಿಕೊಂಡು ಹುಟ್ಟಿದ್ದು, ಇನ್ನು ಸುಲಭಕ್ಕೆ ಕರಗದು. ಒಮ್ಮೆ ನೆಟ್ಟ ಕ್ರಿಪ್ಟನ್ನು ಅಲಂಕಾರ ಬದಲಿಸಲು ಮತ್ತೆ ಕೀಳುವ ಆಸೆ ಬೇಡ.

7. ಹೊಲದ ಗೊಬ್ಬರದಲ್ಲಿ ಯಾವುದು ಹೌದು, ಯಾವುದು ಅಲ್ಲ

ಮನೆಯಲ್ಲಿ ಗೊಬ್ಬರದ ಚೀಲ ಇರುವ ಸೀಮೆ ಇದು. ಅಲ್ಲೇ ಅಪಾಯವೂ ಇದೆ, ಅನುಕೂಲವೂ ಇದೆ.

ಯೂರಿಯಾ, ಡಿಎಪಿ ಒಂದು ಹರಳೂ ಬೇಡ. ಎರಡೂ ನೀರಿನಲ್ಲಿ ಅಮೋನಿಯಾ ಆಗುತ್ತವೆ. ನಮ್ಮಂಥ ಕ್ಷಾರದ ನೀರಿನಲ್ಲಿ ಅದು ಇನ್ನೂ ಘೋರ. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷಕಾರಿ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಸಾರಜನಕವನ್ನು ಮೀನಿನ ಹಿಕ್ಕೆಯೇ ಕೊಡುತ್ತದೆ. ನಿಧಾನದ ಗಿಡಕ್ಕೆ ಅದೇ ಧಾರಾಳ.

ಮೀನು ಕೊಡದೇ ಇರುವುದು ಪೊಟ್ಯಾಷ್. ಜಾವಾ ಫರ್ನಿನ ಹಳೆಯ ಎಲೆಗಳಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದು, ಅಂಚು ಹಳದಿಯಾಗಿ ಹರಡುತ್ತಿದ್ದರೆ ಹೆಚ್ಚಾಗಿ ಅದರ ಕೊರತೆ. ಅಥಣಿ ತಾಲೂಕಿನ ದ್ರಾಕ್ಷಿ ತೋಟದವರಲ್ಲಿ 0:0:50 ಎಂಬ, ನೀರಲ್ಲಿ ಕರಗುವ ಗೊಬ್ಬರ ಇರುತ್ತದೆ. ಅದು ಪೊಟ್ಯಾಸಿಯಂ ಸಲ್ಫೇಟ್. 100 ಲೀಟರ್ ನೀರಿಗೆ 1 ಗ್ರಾಂ ಹಾಕಿದರೆ ಲೀಟರಿಗೆ ಸುಮಾರು 4 ಮಿಲಿಗ್ರಾಂ ಪೊಟ್ಯಾಸಿಯಂ ಸೇರುತ್ತದೆ. ವಾರಕ್ಕೊಮ್ಮೆ, ನೀರು ಬದಲಿಸಿದ ಮೇಲೆ, ಲೋಟದಲ್ಲಿ ಪೂರ್ತಿ ಕರಗಿಸಿ ಹಾಕಿ. ಗೊಬ್ಬರ ಕೇಳಲು ಹೋದರೆ ತೋಟದವರು ಹಿಡಿತುಂಬ ಕೊಡುತ್ತಾರೆ. ಅಷ್ಟು ಒಂದು ಅಕ್ವೇರಿಯಂಗೆ ವರ್ಷಕ್ಕೆ ಸಾಲುತ್ತದೆ. ಎಲೆಯಡಿಯಲ್ಲಿ ಸಾಲಾಗಿ ಕಾಣುವ ಕಂದು ಉಬ್ಬುಗಳನ್ನು ಮಾತ್ರ ರೋಗ ಅಂದುಕೊಂಡು ಕತ್ತರಿಸಬೇಡಿ, ಅವು ಜರೀಗಿಡದ ಬೀಜಕಣಗಳ ಗೂಡು. ಎಲೆಯ ತುದಿಯಲ್ಲಿ ಬೇರಿನ ಜೊತೆ ಪುಟ್ಟ ಮರಿಗಿಡ ಮೂಡಿದರೂ ಬಿಡಿ.

ಹೊಸ ಎಲೆಯೇ ಹಳದಿಯಾಗಿ, ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಸುಣ್ಣದ ನೆಲದಲ್ಲಿ ದ್ರಾಕ್ಷಿಯೂ ಕಬ್ಬೂ ಇದೇ ರೋಗ ತೋರಿಸುತ್ತವೆ, ಕಾರಣವೂ ಅದೇ: ಕ್ಷಾರದಲ್ಲಿ ಕಬ್ಬಿಣ ಕರಗಿ ಉಳಿಯುವುದಿಲ್ಲ. ಇಡಿಟಿಎ ಕಬ್ಬಿಣ ಇಂಥ ನೀರಿನಲ್ಲಿ ಬೇಗ ಕೈಕೊಡುತ್ತದೆ. ಇಡಿಡಿಎಚ್‌ಎ ಕಬ್ಬಿಣ ನಿಲ್ಲುತ್ತದೆ, ಆದರೆ ನೀರಿಗೆ ಕೆಂಪು ಛಾಯೆ ಬರುತ್ತದೆ. ಬೇರಿನಿಂದ ಉಣ್ಣುವ ಕ್ರಿಪ್ಟಿಗೆ ಇದಕ್ಕಿಂತ ಸರಳ ಉಪಾಯವಿದೆ. ಖಾನಾಪುರ ಕಡೆಯ, ಗೊಬ್ಬರ ಕಾಣದ ಕೆಂಪುಮಣ್ಣನ್ನು ನಾದಿ ಗೋಲಿಯಷ್ಟು ಉಂಡೆ ಮಾಡಿ, ಒಣಗಿಸಿ, ಬುಡದ ಹತ್ತಿರ ಉಸುಕಿನ ಆಳಕ್ಕೆ ತಳ್ಳಿ.

8. ಕೈ ತೊಳೆದು ಮುಟ್ಟಿ

ದ್ರಾಕ್ಷಿಗೆ ಬೋರ್ಡೋ ಹೊಡೆದ ಬಕೆಟ್ಟು ಅಕ್ವೇರಿಯಂ ಹತ್ತಿರ ಸುಳಿಯಬಾರದು. ಅದರಲ್ಲಿರುವ ಮೈಲುತುತ್ತದ ತಾಮ್ರ ಗಿಡಕ್ಕಿಂತ ಮೊದಲು ಸಿಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ. ನಿಪ್ಪಾಣಿಯಲ್ಲಿ ಬೀಡಿ ತಂಬಾಕು ಹಸನು ಮಾಡಿ ಬಂದ ಕೈಯೂ ಹಾಗೆಯೇ. ನಿಕೋಟಿನ್ ಒಂದು ಕಾಲದಲ್ಲಿ ಕೀಟನಾಶಕವಾಗಿಯೇ ಮಾರಾಟವಾಗುತ್ತಿದ್ದ ವಸ್ತು. ಸಾಬೂನಿನಿಂದ ತೊಳೆದು, ಸಾಬೂನೂ ಹೋಗುವಷ್ಟು ನೀರು ಹಾಕಿ, ಆಮೇಲೆ ತೊಟ್ಟಿಗೆ ಕೈ. ಅಕ್ವೇರಿಯಂಗೆ ಬಕೆಟ್ಟು, ಪೈಪು ಬೇರೆಯೇ ಇರಲಿ.

9. ಏಪ್ರಿಲ್, ಮೇ ದಾಟಿಸುವುದು ಹೀಗೆ

ಬೇಸಿಗೆಯಲ್ಲಿ ಅಥಣಿ ಕಡೆ ಹೊರಗೆ 40 ಡಿಗ್ರಿ ಮುಟ್ಟುವ ದಿನಗಳಿರುತ್ತವೆ. ತಗಡಿನ ಮನೆಯೊಳಗಿನ ತೊಟ್ಟಿಯ ನೀರು 32 ದಾಟುವುದು ದೊಡ್ಡ ಮಾತಲ್ಲ. ಅನುಬಿಯಸ್ ಸಹಿಸುತ್ತದೆ, ಕ್ರಿಪ್ಟ್, ಬುಸೆಫಲಾಂಡ್ರಾ, ಜಾವಾ ಮಾಸ್ 30ರ ಒಳಗಿದ್ದರೆ ಚೆನ್ನ. ಮುಚ್ಚಳ ತೆಗೆದು ಚಿಕ್ಕ ಫ್ಯಾನಿನ ಗಾಳಿ ನೀರಿನ ಮೈಮೇಲೆ ಬೀಸುವಂತಿಡಿ. ನಮ್ಮದು ಒಣಹವೆಯ ಬೇಸಿಗೆ, ನೀರು ಬೇಗ ಆವಿಯಾಗುತ್ತದೆ, ಎರಡು-ಮೂರು ಡಿಗ್ರಿ ಇಳಿಯುತ್ತದೆ. ಐಸ್ ಕಟ್ಟಿ ತೇಲಿಬಿಡುವ ಸಾಹಸ ಬೇಡ. ಉಷ್ಣತೆಯ ಏರಿಳಿತವೇ ಕ್ರಿಪ್ಟನ್ನು ಕರಗಿಸುತ್ತದೆ.

ಇಲ್ಲಿ ಬಹಳ ಮಂದಿ ಗಮನಿಸದ ಸಂಗತಿ ಒಂದಿದೆ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟು ಬೋರಿನ ನೀರನ್ನೇ ಸುರಿಯುತ್ತ ಹೋದರೆ ಮೇ ತಿಂಗಳ ಕೊನೆಗೆ ತೊಟ್ಟಿಯೊಳಗೊಂದು ಸವಳು ಹೊಲ ತಯಾರಾಗಿರುತ್ತದೆ. ಕಡಿಮೆಯಾದದ್ದನ್ನು ತುಂಬಲು ಬರೀ ಆರ್‌ಓ ನೀರು. ವಾರಕ್ಕೊಮ್ಮೆ ಕಾಲುಭಾಗ ಬದಲಿಸಲು ಬೆರಕೆ ನೀರು. ಮಳೆನೀರು ಹಿಡಿಯುವವರು ಮೊದಲ ಮಳೆಗಳನ್ನು ಬಿಡಬೇಕು. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆ ಹತ್ತಿರದ ಊರುಗಳ ಮಾಳಿಗೆಗಳ ಮೇಲೆ ಕೂತ ಕರಿಬೂದಿ ಆ ಮಳೆಗಳಲ್ಲೇ ತೊಳೆದುಹೋಗುವುದು.

10. ಪಾಚಿ

ವರ್ಷ ಬಾಳುವ ಎಲೆಯ ಮೇಲೆ ಪಾಚಿ ಕೂಡದೆ ಇರದು. ಹಸಿರು ಚುಕ್ಕೆ ಬಂದರೆ ದೀಪದ ತಾಸು ಇಳಿಸಿ, ಅನುಬಿಯಸ್ಸನ್ನು ಕಟ್ಟಿಗೆಯ ನೆರಳಿಗೆ ಸರಿಸಿ. ಅಂಚಿನಲ್ಲಿ ಕಪ್ಪು ಗಡ್ಡದಂಥ ಪಾಚಿ ಬಂದರೆ ಕಲ್ಲು ಸಮೇತ ಗಿಡವನ್ನು ಹೊರತೆಗೆಯಿರಿ. ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಸಾಮಾನ್ಯವಾಗಿ 6 ಪ್ರತಿಶತದ್ದು. ಅಷ್ಟೇ ನೀರು ಬೆರೆಸಿ 3 ಪ್ರತಿಶತ ಮಾಡಿಕೊಂಡು, ಕುಂಚದಿಂದ ಪಾಚಿಗೆ ಮಾತ್ರ ಹಚ್ಚಿ, ಎರಡು-ಮೂರು ನಿಮಿಷ ಬಿಟ್ಟು ತೊಳೆದು ಮರಳಿ ಇಡಿ. ಕಪ್ಪು ಪಾಚಿ ಕೆಲವು ದಿನಗಳಲ್ಲಿ ಕೆಂಪಡರಿ ಸಾಯುತ್ತದೆ. ಜಾವಾ ಮಾಸ್‌ಗೆ ಇದನ್ನು ಮುಟ್ಟಿಸಬೇಡಿ.

11. ಕೊಳ್ಳುವಾಗ

ಕಾಗವಾಡದವರಿಗೆ ಮಿರಜ, ನಿಪ್ಪಾಣಿ-ಚಿಕ್ಕೋಡಿಯವರಿಗೆ ಕೊಲ್ಹಾಪುರ, ಉಳಿದವರಿಗೆ ಬೆಳಗಾವಿ. ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ಎಲ್ಲವೂ ಮಿರಜ-ಲೋಂಡಾ ರೈಲುದಾರಿಯ ಮೇಲೇ ಇವೆ. ಗಿಡವನ್ನು ನೀರಲ್ಲಿ ತೇಲಿಸಿ ತರುವುದೇನೂ ಬೇಡ. ಒದ್ದೆ ಪೇಪರಿನಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಅನುಬಿಯಸ್, ಜಾವಾ ಫರ್ನ್ ದಿನಗಟ್ಟಲೆ ಇರುತ್ತವೆ. ಎಲೆ ಎಣಿಸಬೇಡಿ, ಕೊಂಬು ಒತ್ತಿ ನೋಡಿ. ಗಟ್ಟಿ ಇರಬೇಕು. ನರ್ಸರಿಗಳು ಇವನ್ನು ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸುವುದರಿಂದ ಮುಳುಗಿಸಿದ ಮೇಲೆ ಹಳೆಯ ಎಲೆ ಒಂದೊಂದೇ ಹೋಗುವುದು ಮಾಮೂಲು. ಬಾಳೆಯಿಂದಾಗಿ ಟಿಶ್ಯೂ ಕಲ್ಚರ್ ಏನೆಂದು ಇಲ್ಲಿನ ರೈತರಿಗೆ ಹೇಳಬೇಕಿಲ್ಲ. ಅಕ್ವೇರಿಯಂ ಗಿಡಗಳೂ ಹಾಗೇ ಡಬ್ಬಿಯಲ್ಲಿ ಬರುತ್ತವೆ. ಬಸವನಹುಳು, ಪಾಚಿ ಇಲ್ಲದ ಶುದ್ಧ ಗಿಡ, ಆದರೆ ಎಳೆಯದು. ಜೆಲ್ಲಿಯನ್ನು ಪೂರ್ತಿ ತೊಳೆದು ನೆಡಿ.

ಕಾಡಿನಿಂದ ತರುವ ಯೋಚನೆ ಬಿಟ್ಟುಬಿಡಿ. ಪಶ್ಚಿಮಘಟ್ಟದ ತೊರೆಗಳಲ್ಲಿ ಕ್ರಿಪ್ಟೊಕೊರೈನ್ ಸ್ಪೈರಾಲಿಸ್, ಲಜೆನಾಂಡ್ರಾ ಜಾತಿಗಳು ನಮ್ಮವೇ ಆಗಿ ಬೆಳೆಯುತ್ತವೆ. ಅಂಬೋಲಿ, ಚೋರ್ಲಾ ಕಡೆ ಪ್ರವಾಸ ಹೋದಾಗ ಕೈ ತುರಿಸುವುದು ನಿಜ. ಇದೇ ಗಿಡಗಳು ತೋಟಗಳಲ್ಲಿ ಬೆಳೆದು ಅಂಗಡಿಗೆ ಬರುತ್ತವೆ, ಅಲ್ಲಿಂದ ಕೊಂಡರಾಯಿತು.

12. ಹೆಚ್ಚಾದದ್ದು ಹೊಳೆಗಲ್ಲ

ಅನುಬಿಯಸ್‌ನ ಕೊಂಬು ಉದ್ದವಾದಾಗ ಶುಚಿಯಾದ ಬ್ಲೇಡಿನಿಂದ ತುಂಡರಿಸಿ. ತುಂಡಿಗೆ ನಾಲ್ಕೈದು ಎಲೆಯಾದರೂ ಇರಲಿ. ಉಳಿದದ್ದನ್ನು ಗೆಳೆಯರಿಗೆ ಕೊಡಿ, ಇಲ್ಲವೇ ಒಣಗಿಸಿ ತಿಪ್ಪೆಗೆ ಹಾಕಿ. ನದಿಗೂ ಕೆರೆಗೂ ಎಸೆಯಬೇಡಿ. ಕೆರೆಗಳನ್ನು ಮುಚ್ಚಿಹಾಕುತ್ತಿರುವ ಅಂತರಗಂಗೆ ದಕ್ಷಿಣ ಅಮೆರಿಕದಿಂದ ಬಂದದ್ದು ಚೆಂದದ ಹೂವಿನ ಅಲಂಕಾರಕ್ಕೆಂದೇ, 19ನೇ ಶತಮಾನದ ಕೊನೆಗೆ. ಪಾಚಿ ತಿನ್ನಲೆಂದು ತಂದು, ಗೇಣುದ್ದ ಬೆಳೆದ ಮೇಲೆ ಹೊಳೆಗೆ ಬಿಡುವ ಸಕ್ಕರ್ ಮೀನಿನದೂ ಅದೇ ಕಥೆ.

ಕಲ್ಲೋಳ, ಯಡೂರ, ಮಾಂಜರಿ, ಕುಡಚಿಯಂಥ ದಂಡೆಯೂರುಗಳವರು ಅಂಗಳದ ಟಬ್ಬುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರವಾಗಿರಬೇಕು. 2005ರಲ್ಲೂ 2019ರಲ್ಲೂ ಕೃಷ್ಣೆ ಊರೊಳಗೆ ಬಂದಿದ್ದಳು. ಹಾಗೆ ಬಂದಾಗ ಅಂಗಳದಲ್ಲಿರುವುದೆಲ್ಲ ಅವಳ ಪಾಲು. ಜುಲೈ ಹೊತ್ತಿಗೆ ಹೊರಗಿನ ಟಬ್ಬುಗಳನ್ನು ಖಾಲಿ ಮಾಡಿ ಗಿಡ ಒಳಗೆ ತನ್ನಿ. ಮನೆಯನ್ನೇ ಬಿಡಬೇಕಾಗಿ ಬಂದರೆ ಮೀನಿಗೆ ಮುಚ್ಚಳದ ಬಕೆಟ್ಟು, ಬ್ಯಾಟರಿ ಏರ್‌ಪಂಪ್. ಗಿಡಕ್ಕೆ ಅಷ್ಟೂ ಬೇಡ: ಕಲ್ಲಿನ ಸಮೇತ ಎತ್ತಿ, ಒದ್ದೆ ಗೋಣಿಯಲ್ಲೋ ಹಳೆಯ ಟವೆಲ್ಲಿನಲ್ಲೋ ಸುತ್ತಿ, ಚೀಲದ ಬಾಯಿ ಕಟ್ಟಿ ನೆರಳಿನಲ್ಲಿಡಿ, ದಿನಕ್ಕೊಮ್ಮೆ ನೀರು ಚಿಮುಕಿಸಿ. ಅನುಬಿಯಸ್ ಮತ್ತು ಜಾವಾ ಫರ್ನ್ ಹೀಗೆ ವಾರ ಕಳೆಯುತ್ತವೆ. ಕ್ರಿಪ್ಟ್ ಎಲೆ ಕಳೆದುಕೊಳ್ಳುತ್ತದೆ. ಬುಡವನ್ನು ಎಸೆಯದೆ ಮರಳಿ ನೆಡಿ.